ಊರು ಸೇರದ ಸತ್ತವರು: ವಿಯೆಟ್ನಾಂ ಯುದ್ಧದ ನಂತರದ ಜನಪದ ಆಚರಣೆಗಳು

ಯುದ್ಧವೊಂದಕ್ಕೆ ಇತಿಹಾಸ ಗ್ರಂಥಗಳು ಆರಂಭ ಮತ್ತು ಅಂತ್ಯದ ದಿನಾಂಕಗಳನ್ನು ನಿಗದಿಪಡಿಸುತ್ತವೆ. ವಿಯೆಟ್ನಾಂ ಯುದ್ಧದ ಅಮೆರಿಕನ್ ಘಟ್ಟಕ್ಕೆ 1965ರ ಮಾರ್ಚ್ 8ನ್ನು, ಅಂದರೆ ಅಮೆರಿಕದ ಪಡೆಗಳು ಡಾ ನಾಂಗ್ ಕಡಲತೀರದಲ್ಲಿ ಬಂದಿಳಿದ ದಿನವನ್ನು, ಮೊದಲೆಂದೂ 1975ರ ಏಪ್ರಿಲ್ 30ರ ಸೈಗಾನ್ ಪತನವನ್ನು ಕೊನೆಯೆಂದೂ ಗುರುತಿಸುವುದು ವಾಡಿಕೆ. ರಾಜಕೀಯ ಇತಿಹಾಸಕ್ಕೆ ಈ ಗಡಿರೇಖೆಗಳು ಸಾಕು. ಸತ್ತವರಿಗೆ ಸಲ್ಲಬೇಕಾದ ಕರ್ಮಗಳ ಕಡೆಯಿಂದ ನೋಡಿದಾಗ ಮಾತ್ರ ಎರಡನೆಯ ದಿನಾಂಕ ಅರ್ಥ ಕಳೆದುಕೊಳ್ಳುತ್ತದೆ. ಸಂಸ್ಕಾರವಾಗದ ಸಾವು ಯಾವ ಜನಪದದಲ್ಲೂ ಮುಗಿದ ಸಾವಲ್ಲ.

ಕನ್ನಡ ನಾಡಿನ ವೀರಗಲ್ಲುಗಳನ್ನು ಬಲ್ಲವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತುರುಗೋಳಿನಲ್ಲಿಯೋ ಊರಳಿವಿನಲ್ಲಿಯೋ ಮಡಿದವನನ್ನು ಕಲ್ಲಿನ ಕೆಳಹಂತದಲ್ಲಿ ಕಾದಾಡುವವನನ್ನಾಗಿ, ನಡುವೆ ಅಪ್ಸರೆಯರು ಒಯ್ಯುವವನನ್ನಾಗಿ, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತವನನ್ನಾಗಿ ಕೆತ್ತಿ ನಿಲ್ಲಿಸುವುದರ ಮೂಲಕ ಊರು ಅವನಿಗೊಂದು ಸ್ಥಳ ಕೊಡುತ್ತಿತ್ತು. ಯಾವ ಊರಿಗಾಗಿ ಸತ್ತನೋ ಆ ಊರಿನ ಎಲ್ಲೆಯಲ್ಲಿಯೇ ಕಲ್ಲು ನಿಲ್ಲುತ್ತಿತ್ತು. ದೂರದ ದೇಶದಲ್ಲಿ, ಏಕೆ ಹೋರಾಡುತ್ತಿದ್ದೇವೆಂಬುದು ತನಗೂ ತನ್ನವರಿಗೂ ಸ್ಪಷ್ಟವಿಲ್ಲದ ಯುದ್ಧದಲ್ಲಿ ಸತ್ತವನಿಗೆ ಇಂಥ ಕಲ್ಲನ್ನು ಎಲ್ಲಿ ನಿಲ್ಲಿಸಬೇಕು? ಆ ಯುದ್ಧ ಯಾರ ನೆಲದಲ್ಲಿ ನಡೆಯಿತೋ ಅಲ್ಲಿಯ ಹೆಸರಿಲ್ಲದ ಸತ್ತವರಿಗೆ ಎಡೆ ಇಡುವವರು ಯಾರು? ವಿಯೆಟ್ನಾಂ, ಲಾವೋಸ್ ಮತ್ತು ಅಮೆರಿಕ ಈ ಮೂರು ಕಡೆ ಅರ್ಧ ಶತಮಾನದಿಂದ ಜನಸಾಮಾನ್ಯರು ಈ ಪ್ರಶ್ನೆಗಳಿಗೆ ಕಂಡುಕೊಂಡ ಉತ್ತರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯುದ್ಧದ ರಾಜಕೀಯ ಹಿನ್ನೆಲೆ ಸುಪರಿಚಿತವಾದುದು. 1954ರ ಜಿನೀವಾ ಒಪ್ಪಂದ ವಿಯೆಟ್ನಾಮನ್ನು ತಾತ್ಕಾಲಿಕವಾಗಿ ಉತ್ತರ, ದಕ್ಷಿಣಗಳೆಂದು ವಿಭಜಿಸಿತು. ಆ ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳಲು ನೇಮಕಗೊಂಡ ಅಂತಾರಾಷ್ಟ್ರೀಯ ಆಯೋಗಗಳ ಅಧ್ಯಕ್ಷತೆ ಭಾರತದ್ದಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಮುಂದೆ ಅಮೆರಿಕ ದಕ್ಷಿಣದ ಬೆಂಬಲಕ್ಕೆ ನಿಂತು ಹಂತಹಂತವಾಗಿ ಯುದ್ಧದೊಳಕ್ಕೆ ಇಳಿಯಿತು. 1968ರ ಆಗಸ್ಟ್ ವೇಳೆಗೆ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕನ್ನರು ಸೈನ್ಯ ಕಳುಹಿಸಿದ್ದೇ ತಪ್ಪೆಂದು ಹೇಳತೊಡಗಿದ್ದರು. 1969ರ ಡಿಸೆಂಬರ್ 1ರಂದು ಹುಟ್ಟಿದ ದಿನಾಂಕಗಳ ಚೀಟಿ ಎತ್ತಿ, ಕಡ್ಡಾಯ ಸೈನಿಕ ಸೇವೆಗೆ ಯಾರು ಮೊದಲು ಹೋಗಬೇಕೆಂಬುದನ್ನು ನಿರ್ಧರಿಸಲಾಯಿತು. 1970ರ ಮೇ 4ರಂದು ಕೆಂಟ್ ವಿಶ್ವವಿದ್ಯಾಲಯದಲ್ಲಿ ಯುದ್ಧವಿರೋಧಿ ಪ್ರತಿಭಟನೆಯ ವೇಳೆ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. 1973ರ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದವಾಗಿ ಅಮೆರಿಕನ್ ಪಡೆಗಳು ಹಿಂದಿರುಗಿದವು. ಜನ ಒಪ್ಪದ ಯುದ್ಧವನ್ನು ಬೇಗ ಮರೆಯುವುದು ಪ್ರಭುತ್ವಗಳ ಸ್ವಭಾವ. ಹಾಗೆ ಮರೆತಾಗ ಅದರ ಭಾರ ರಾಜಧಾನಿಯಿಂದ ಮನೆಗಳಿಗೆ ವರ್ಗಾವಣೆಯಾಗುತ್ತದೆ.

ವಿಯೆಟ್ನಾಮಿನ ಜನಪದ ನಂಬಿಕೆಯಲ್ಲಿ ಸಾವು ಎರಡು ಬಗೆಯದು. ಮನೆಯಲ್ಲಿ, ಮಕ್ಕಳ ನಡುವೆ, ವಯಸ್ಸಾಗಿ ಬರುವ ಸಾವು ಒಂದಾದರೆ ಬೀದಿಯಲ್ಲಿ, ಪರಸ್ಥಳದಲ್ಲಿ, ಅಕಾಲದಲ್ಲಿ ಎರಗುವ ಸಾವು ಇನ್ನೊಂದು. ಮನೆಯ ಸಾವು ಪಡೆದವರು ಪಿತೃಗಳಾಗಿ ಒಳಗಿನ ಪೀಠದಲ್ಲಿ ನೆಲೆಸುತ್ತಾರೆ. ಬೀದಿಯ ಸಾವು ಪಡೆದವರು ಅಲೆಮಾರಿ ಆತ್ಮಗಳಾಗಿ ಹಸಿವು, ಚಳಿಗಳಲ್ಲಿ ತಿರುಗುತ್ತಿರುತ್ತಾರೆ. ಮಧ್ಯ ವಿಯೆಟ್ನಾಮಿನಲ್ಲಿ ದೀರ್ಘಕಾಲ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞ ಹಿಯೊನಿಕ್ ಕ್ವಾನ್ 2006 ಮತ್ತು 2008ರಲ್ಲಿ ಪ್ರಕಟಿಸಿದ ಎರಡು ಗ್ರಂಥಗಳಲ್ಲಿ ಈ ದ್ವಂದ್ವವನ್ನು ವಿವರವಾಗಿ ದಾಖಲಿಸಿದ್ದಾರೆ. ಅಲ್ಲಿಯ ಮನೆಗಳಲ್ಲಿ ಆಚರಣೆಗೆ ಎರಡು ದಿಕ್ಕುಗಳಿವೆ. ಒಳಗೆ ಹಿರಿಯರಿಗೆ ಊದುಬತ್ತಿ ಹಚ್ಚಿ ನಮಿಸಿದವರು ಬಳಿಕ ಹೊರಗೆ ತಿರುಗಿ, ಅಂಗಳದಲ್ಲಿರುವ ಚಿಕ್ಕ ಪೀಠದ ಮುಂದೆ ಯಾರೆಂದು ಗೊತ್ತಿಲ್ಲದ ಆತ್ಮಗಳಿಗೂ ನಮಿಸುತ್ತಾರೆ. ಚಾಂದ್ರಮಾನದ ಏಳನೆಯ ತಿಂಗಳ ಹುಣ್ಣಿಮೆಯಲ್ಲಿ ಈ ಆತ್ಮಗಳಿಗೆಂದೇ ಅನ್ನ, ಗಂಜಿಗಳನ್ನು ಹೊರಗೆ ಇಡಲಾಗುತ್ತದೆ, ಕಾಗದದ ಬಟ್ಟೆ, ಕಾಗದದ ಹಣಗಳನ್ನು ಸುಡಲಾಗುತ್ತದೆ. ನಮ್ಮ ಮಹಾಲಯದಲ್ಲಿ ಗೊತ್ತಿಲ್ಲದವರಿಗೂ ಒಂದು ಪಾಲು ಮೀಸಲಿಡುವ ಪದ್ಧತಿಯನ್ನು ಇದು ನೆನಪಿಸುತ್ತದೆ.

ಯುದ್ಧ ಈ ಸಮತೋಲವನ್ನು ತಲೆಕೆಳಗು ಮಾಡಿತು. ವಿಯೆಟ್ನಾಂ ಸರ್ಕಾರ 1995ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಸುಮಾರು 20 ಲಕ್ಷ ನಾಗರಿಕರೂ ಉತ್ತರದ ಹಾಗೂ ದಕ್ಷಿಣದ ಗೆರಿಲ್ಲಾ ಪಡೆಗಳ 11 ಲಕ್ಷ ಯೋಧರೂ ಸತ್ತರು. ದಕ್ಷಿಣ ಸರ್ಕಾರದ ಸೈನ್ಯದಲ್ಲಿ ಮಡಿದವರು ಈ ಲೆಕ್ಕದಿಂದ ಹೊರಗೆ, ಅವರ ಸಂಖ್ಯೆ 2 ಲಕ್ಷವನ್ನು ಮೀರುತ್ತದೆಂಬ ಅಂದಾಜುಗಳಿವೆ. ಗುರುತು ಹತ್ತದೆ ಉಳಿದ ಯೋಧರ ಸಂಖ್ಯೆಯನ್ನು ಸಾಮಾನ್ಯವಾಗಿ 3 ಲಕ್ಷವೆಂದು ಹೇಳಲಾಗುತ್ತದೆ. ಒಂದು ಇಡೀ ತಲೆಮಾರು ಬೀದಿಯ ಸಾವಿಗೆ ಈಡಾಯಿತೆಂದರೆ ಉತ್ಪ್ರೇಕ್ಷೆಯಾಗಲಾರದು. ಉತ್ತರದ ಹಳ್ಳಿಗಳಿಗೆ ತಲುಪಿದ ಮರಣಪತ್ರಗಳಲ್ಲಿ ಬಹುಮಟ್ಟಿಗೆ ಮಗ ‘ದಕ್ಷಿಣದ ರಣರಂಗದಲ್ಲಿ’ ಸತ್ತನೆಂದಷ್ಟೇ ಇರುತ್ತಿತ್ತು. ನೂರಾರು ಮೈಲಿ ಉದ್ದದ ಕಾಡುಬೆಟ್ಟಗಳಿಗೆ ಅದೊಂದೇ ವಿಳಾಸ.

ಸತ್ತ ತಿಥಿ ತಿಳಿಯದೆ ವಾರ್ಷಿಕ ಕರ್ಮ ನಡೆಯದು, ಮೂಳೆ ದೊರೆಯದೆ ಸಮಾಧಿ ಪೂರ್ಣವಾಗದು. ಈ ಕಾರಣದಿಂದ 1986ರ ಆರ್ಥಿಕ ಸುಧಾರಣೆಗಳ ನಂತರ, ಧಾರ್ಮಿಕ ಆಚರಣೆಗಳ ಮೇಲಿದ್ದ ನಿರ್ಬಂಧ ಸಡಿಲಗೊಂಡಂತೆ, ಮೂಳೆಗಳ ಹುಡುಕಾಟವೇ ಒಂದು ದೊಡ್ಡ ಜನಚಳವಳಿಯಾಯಿತು. ಮುದುಕರಾದ ತಂದೆತಾಯಿಗಳು, ಬಳಿಕ ಅವರ ಮಕ್ಕಳು, ಹಳೆಯ ಸಹಯೋಧರ ನೆನಪುಗಳನ್ನು ಹಿಡಿದು ದಕ್ಷಿಣಕ್ಕೆ ಪ್ರಯಾಣ ಮಾಡತೊಡಗಿದರು. ನಕ್ಷೆ, ನೆನಪುಗಳು ಸೋತೆಡೆಯಲ್ಲಿ ಮೈಮೇಲೆ ಆತ್ಮ ಬರಿಸಿಕೊಳ್ಳುವವರು, ಸಮಾಧಿಯನ್ನು ‘ಕಾಣುವ’ವರು ಮುಂದೆ ಬಂದರು. ಇದರಲ್ಲಿ ವಂಚನೆಗೂ ಎಡೆಯಿತ್ತು. 2013ರಲ್ಲಿ ಬಯಲಾದ ಪ್ರಕರಣವೊಂದರಲ್ಲಿ ಯೋಧರ ಅವಶೇಷವೆಂದು ತೋರಿಸಿದ್ದರಲ್ಲಿ ಪ್ರಾಣಿಗಳ ಮೂಳೆಗಳಿದ್ದುದು ಕಂಡುಬಂದಿತು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಪ್ರಭುತ್ವದ ದಾಖಲೆ ಎಲ್ಲಿ ನಿಂತುಹೋಯಿತೋ ಅಲ್ಲಿಂದಲೇ ಜನ ದೈವದ ಬಳಿಗೆ ಹೋದರೆಂಬುದನ್ನು ಅಧ್ಯಯನಕಾರರು ಗಮನಿಸಬೇಕು.

ಸತ್ತವರಲ್ಲೂ ಪಂಕ್ತಿಭೇದ ಉಂಟಾದುದು ಈ ಯುದ್ಧದ ಇನ್ನೊಂದು ಪರಿಣಾಮ. ಗೆದ್ದ ಪಕ್ಷದ ಯೋಧರಿಗೆ ಹುತಾತ್ಮರ ರುದ್ರಭೂಮಿ, ಗೋಡೆಯ ಮೇಲೆ ತೂಗುಹಾಕುವ ಪ್ರಮಾಣಪತ್ರ, ಜುಲೈ 27ರ ಸ್ಮರಣದಿನಗಳು ದೊರೆತವು. ಸೋತ ದಕ್ಷಿಣದ ಸೈನಿಕರು ಮಲಗಿದ್ದ ಬಿಯೆನ್ ಹೋವಾ ರುದ್ರಭೂಮಿ 2006ರವರೆಗೂ ಸೈನ್ಯದ ವಶದಲ್ಲಿಯೇ ಇತ್ತು. ಒಂದೇ ತಾಯಿಯ ಇಬ್ಬರು ಮಕ್ಕಳು ಎರಡು ಪಕ್ಷಗಳಲ್ಲಿ ಸತ್ತ ಮನೆಗಳು ಮಧ್ಯ ವಿಯೆಟ್ನಾಮಿನಲ್ಲಿ ವಿರಳವಲ್ಲ. ಅಂಥ ಮನೆಗಳಲ್ಲಿ ಒಬ್ಬ ಮಗನ ಚಿತ್ರ ಬಹಿರಂಗವಾಗಿ ಪೀಠವೇರಿದರೆ ಇನ್ನೊಬ್ಬನದು ವರ್ಷಗಳ ಕಾಲ ಪೆಟ್ಟಿಗೆಯಲ್ಲಿ ಉಳಿಯಿತು. ಇಬ್ಬರ ಚಿತ್ರಗಳೂ ಅಕ್ಕಪಕ್ಕ ಕುಳಿತುದನ್ನು ಕ್ವಾನ್ ದಾಖಲಿಸುತ್ತಾರೆ. ದೇಶದ ಪುನರೇಕೀಕರಣಕ್ಕಿಂತ ಬಹಳ ತಡವಾಗಿ ಈ ಪೀಠಗಳ ಏಕೀಕರಣ ನಡೆಯಿತು. ಇನ್ನೂ ಕುತೂಹಲದ ಸಂಗತಿಯೆಂದರೆ, ಹೊರಗಿನ ಪೀಠದ ಎಡೆಯಲ್ಲಿ ಫ್ರೆಂಚ್ ಮತ್ತು ಅಮೆರಿಕನ್ ಸೈನಿಕರ ಆತ್ಮಗಳಿಗೂ ಪಾಲಿದೆ. ಕೊಲ್ಲಲು ಬಂದವನೂ ಇಲ್ಲಿಯೇ ಸತ್ತ ಮೇಲೆ ಹಸಿದ ಪರದೇಶಿಯಾಗುತ್ತಾನೆ, ಅವನಿಗೂ ಉಣಬಡಿಸಬೇಕು ಎಂಬ ಈ ತಿಳಿವಳಿಕೆ ಯಾವ ಶಾಂತಿ ಒಪ್ಪಂದದಲ್ಲಿಯೂ ಕಾಣದು.

ಹಾ ಮಿ ಹಳ್ಳಿಯ ಕಥೆಯನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು. ಅಮೆರಿಕದ ಮಿತ್ರರಾಷ್ಟ್ರವಾಗಿ ದಕ್ಷಿಣ ಕೊರಿಯಾ ಈ ಯುದ್ಧಕ್ಕೆ ಒಟ್ಟು 3 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳುಹಿಸಿತ್ತು. ಅಂದಿನ ಕ್ವಾಂಗ್ ನಾಮ್ ಪ್ರಾಂತದ ಹಾ ಮಿಯಲ್ಲಿ 1968ರ ಫೆಬ್ರವರಿಯಲ್ಲಿ, ಜಗತ್ತಿಗೆ ತಿಳಿದ ಮಿ ಲಾಯ್ ಹತ್ಯಾಕಾಂಡಕ್ಕೆ ಕೆಲವೇ ವಾರಗಳ ಮೊದಲು, ಕೊರಿಯಾದ ಪಡೆ 135 ಜನರನ್ನು ಕೊಂದಿತು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಸುಮಾರು ಮೂರು ದಶಕಗಳ ನಂತರ ಕೊರಿಯಾದ ಮಾಜಿ ಸೈನಿಕರ ಸಂಘಟನೆಯೊಂದು ಅಲ್ಲಿ ಸ್ಮಾರಕ ಕಟ್ಟಲು ಹಣ ನೀಡಿತು. ಹಳ್ಳಿಗರು ಕಲ್ಲಿನ ಒಂದು ಬದಿಗೆ ಸತ್ತವರ ಹೆಸರುಗಳನ್ನೂ ಮತ್ತೊಂದು ಬದಿಗೆ ಆ ದಿನ ನಡೆದುದರ ವಿವರವನ್ನೂ ಕೆತ್ತಿಸಿದರು. ವಿವರ ದಾನಿಗಳಿಗೆ ಹಿಡಿಸಲಿಲ್ಲ, ಒತ್ತಡಗಳು ಬಂದವು. ಹಳ್ಳಿಗರು ಬರೆಹವನ್ನು ತಿದ್ದಲು ಒಪ್ಪದೆ, ಅದರ ಮೇಲೆ ತಾವರೆ ಹೂಗಳ ಚಿತ್ರವಿರುವ ಮತ್ತೊಂದು ಚಪ್ಪಡಿಯನ್ನು ಮುಚ್ಚಿದರು. ತಾವರೆಯ ಹಿಂದೆ ಬರೆಹ ಹಾಗೆಯೇ ಇದೆ. ನೋಡಲು ಬಂದವರಿಗೆ ಅಲ್ಲಿ ಏನಿದೆಯೆಂಬುದನ್ನು ಊರವರು ಬಾಯಿಂದಲೇ ಹೇಳುತ್ತಾರೆ. ಶಾಸನ ಮೌಖಿಕವಾದ ಅಪರೂಪದ ನಿದರ್ಶನವಿದು.

ಅಲೆಮಾರಿ ಆತ್ಮದ ನಂಬಿಕೆಯನ್ನು ಯುದ್ಧದ ಅವಧಿಯಲ್ಲಿಯೇ ಅಮೆರಿಕನ್ ಸೈನ್ಯ ಆಯುಧವಾಗಿ ಬಳಸಿತ್ತೆಂಬುದು ಜಾನಪದ ಅಧ್ಯಯನಕ್ಕೆ ನೇರವಾಗಿ ಸಂಬಂಧಿಸಿದ ವಿಷಯ. ‘ಅಲೆಮಾರಿ ಆತ್ಮ’ವೆಂಬ ಹೆಸರಿನ ಕಾರ್ಯಾಚರಣೆಯಲ್ಲಿ ಶವಯಾತ್ರೆಯ ವಾದ್ಯ, ತಂದೆಯನ್ನು ಕರೆಯುವ ಮಗುವಿನ ಅಳು, ಊರಿಂದ ದೂರ ಸತ್ತು ಶಾಂತಿ ಕಾಣದ ಯೋಧನ ಗೋಳು ಇವನ್ನೆಲ್ಲ ಧ್ವನಿಮುದ್ರಿಸಿ, ರಾತ್ರಿಯ ವೇಳೆ ಹೆಲಿಕಾಪ್ಟರುಗಳಿಂದಲೂ ಧ್ವನಿವರ್ಧಕಗಳಿಂದಲೂ ಕಾಡಿನ ಮೇಲೆ ಬಿತ್ತರಿಸಲಾಯಿತು. ಶತ್ರು ಹೆದರಿ ಮನೆಗೆ ಮರಳಲಿ ಎಂಬುದು ಉದ್ದೇಶ. ಫಲ ಸಂದೇಹಾಸ್ಪದ, ಎಷ್ಟೋ ವೇಳೆ ಧ್ವನಿ ಬಂದ ಕಡೆಗೇ ಗುಂಡು ಹಾರುತ್ತಿತ್ತು. ಒಂದು ಸಮುದಾಯದ ಅತ್ಯಂತ ಆಳದ ಭಯವನ್ನು ತಿಳಿದುಕೊಳ್ಳಲು ಜನರ ನಂಬಿಕೆಗಳ ಅರಿವು ಬೇಕು. ಆ ಅರಿವನ್ನು ಸಂಗ್ರಹಿಸುವವರ ಹೊಣೆ ಏನೆಂಬ ಪ್ರಶ್ನೆ ಅದೇ ಕಾಲದಲ್ಲಿ ಎದ್ದಿತು. ಥಾಯ್ಲೆಂಡಿನಲ್ಲಿ ಸೇನೆಯ ಉದ್ದೇಶಗಳಿಗೆ ಸಂಶೋಧಕರು ನೆರವಾದರೆಂಬ ವಿವಾದದ ಬೆನ್ನಲ್ಲೇ ಅಮೆರಿಕನ್ ಮಾನವಶಾಸ್ತ್ರ ಸಂಘ 1971ರಲ್ಲಿ ವೃತ್ತಿಧರ್ಮದ ತತ್ತ್ವಗಳನ್ನು ಅಂಗೀಕರಿಸಿತು. ವಕ್ತೃವಿನ ಹಿತವೇ ಮೊದಲೆಂಬ ಮಾತು ಇಂದು ಕ್ಷೇತ್ರಕಾರ್ಯದ ಪಠ್ಯಗಳಲ್ಲೆಲ್ಲ ಸಿಗುತ್ತದೆ. ಅದರ ಹಿಂದೆ ಈ ಯುದ್ಧವಿದೆಯೆಂಬುದನ್ನು ಆ ಪಠ್ಯಗಳು ಹೆಚ್ಚಾಗಿ ಹೇಳುವುದಿಲ್ಲ.

ಅಮೆರಿಕದಲ್ಲಿ ಸಮಸ್ಯೆಯ ರೂಪ ಬೇರೆ. ಅಲ್ಲಿ ಶವಗಳು ಬಹುಮಟ್ಟಿಗೆ ಮರಳಿದವು, ಆದರೆ ಮರಳಿದವರನ್ನು, ಸತ್ತವರನ್ನೂ ಬದುಕಿದವರನ್ನೂ, ಹೇಗೆ ಬರಮಾಡಿಕೊಳ್ಳಬೇಕೆಂಬುದು ಯಾರಿಗೂ ತಿಳಿಯಲಿಲ್ಲ. ವಿಮಾನ ನಿಲ್ದಾಣದಲ್ಲಿ ಯುವತಿಯೊಬ್ಬಳು ಹಿಂದಿರುಗಿದ ಸೈನಿಕನ ಮೇಲೆ ಉಗುಳಿದಳೆಂಬ ಕಥೆ ಆ ದೇಶದುದ್ದಕ್ಕೂ ಪ್ರಚಲಿತ. ಸ್ವತಃ ಆ ಯುದ್ಧದಲ್ಲಿದ್ದ ಸಮಾಜಶಾಸ್ತ್ರಜ್ಞ ಜೆರ್ರಿ ಲೆಂಬ್ಕಿ 1998ರ ತಮ್ಮ ಗ್ರಂಥದಲ್ಲಿ ಇದಕ್ಕೆ ಆ ಕಾಲದ ದಾಖಲೆಗಳ ಆಧಾರವಿಲ್ಲವೆಂದು ವಾದಿಸಿದರು, ಅವರನ್ನು ಒಪ್ಪದವರೂ ಇದ್ದಾರೆ. ಐತಿಹ್ಯದ ದೃಷ್ಟಿಯಿಂದ ಮುಖ್ಯವಾದುದು ಅದರ ಆಶಯ. ಆರತಿ ಎತ್ತಬೇಕಾದ ಹೊಸ್ತಿಲಲ್ಲಿ ಅವಮಾನ ಎದುರಾಯಿತೆಂಬ ಈ ಕಥೆ, ನಡೆಯದೇ ಹೋದ ಸ್ವಾಗತದ ವಿಧಿಯೊಂದರ ಕೊರತೆಯನ್ನು ಹೇಳುತ್ತದೆ.

ಸೈನಿಕರು ರಣರಂಗದಲ್ಲಿದ್ದಾಗಲೇ ತಮ್ಮ ಅಪನಂಬಿಕೆಯನ್ನು ಹಳೆಯ ಧಾಟಿಗಳಿಗೆ ಹೊಸ ಅಣಕು ಪದಗಳನ್ನು ಕಟ್ಟಿ ಹಾಡುತ್ತಿದ್ದರು. ಇವನ್ನು ಸಂಗ್ರಹಿಸಿದವರಲ್ಲಿ ಪ್ರಮುಖರು, ಬಂಡಾಯ ನಿಗ್ರಹದ ತಜ್ಞರಾಗಿದ್ದ ಜನರಲ್ ಎಡ್ವರ್ಡ್ ಲ್ಯಾನ್ಸ್‌ಡೇಲ್ ಎಂಬುದು ವಿಚಿತ್ರವಾದರೂ ನಿಜ. ಸೈಗಾನಿನ ತಮ್ಮ ಮನೆಯಲ್ಲಿ ಅವರು ಧ್ವನಿಮುದ್ರಿಸಿದ ಹಾಡುಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಜಾನಪದ ವಿದ್ವಾಂಸೆ ಲಿಡಿಯಾ ಫಿಶ್ 1989ರಲ್ಲಿ ಈ ಸಂಗ್ರಹವನ್ನು ಕುರಿತು ಬರೆದಿದ್ದಾರೆ.

1982ರ ನವೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಸಮರ್ಪಿತವಾದ ಕಪ್ಪುಕಲ್ಲಿನ ಗೋಡೆ ಈ ಕೊರತೆಗೆ ಜನರೇ ಕೊಟ್ಟ ಉತ್ತರ. ಮಾಜಿ ಸೈನಿಕ ಜಾನ್ ಸ್ಕ್ರಗ್ಸ್ 1979ರಲ್ಲಿ ಆರಂಭಿಸಿದ ಪ್ರಯತ್ನಕ್ಕೆ ಸರ್ಕಾರ ಕೊಟ್ಟದ್ದು ನೆಲ, ಹಣ ಬಂದದ್ದು ಸಾರ್ವಜನಿಕರ ವಂತಿಗೆಯಿಂದ. ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಮಾಯಾ ಲಿನ್ ಅದರ ವಿನ್ಯಾಸ ಮಾಡಿದರು. 58,000ಕ್ಕೂ ಹೆಚ್ಚು ಹೆಸರುಗಳು ಅಲ್ಲಿವೆ. ಹುದ್ದೆಯಿಲ್ಲ, ಊರಿಲ್ಲ, ಅಕ್ಷರಾನುಕ್ರಮವೂ ಇಲ್ಲ, ಸತ್ತ ದಿನಗಳ ಕ್ರಮವೊಂದೇ. ವಿನ್ಯಾಸಕರು ಊಹಿಸದಿದ್ದ ಒಂದು ಆಚರಣೆ ಅಲ್ಲಿ ತಾನಾಗಿ ಬೆಳೆಯಿತು. ಬಂದವರು ಹೆಸರಿನ ಮೇಲೆ ಕಾಗದವಿಟ್ಟು ಸೀಸದಕಡ್ಡಿಯಿಂದ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಾರೆ. ಬೂಟು, ಪತ್ರ, ಪದಕ, ಸಿಗರೇಟು, ಬಿಯರ್ ಡಬ್ಬಿಗಳನ್ನು ಗೋಡೆಯ ಬುಡದಲ್ಲಿ ಇಡುತ್ತಾರೆ. ಅಡಿಪಾಯದ ಹಸಿ ಕಾಂಕ್ರೀಟಿಗೆ ಸತ್ತ ಸೋದರನ ಪದಕವನ್ನು ಹಾಕಿದವನೊಬ್ಬನಿಂದ ಇದು ಆರಂಭವಾಯಿತೆಂಬ ಐತಿಹ್ಯವೂ ಹುಟ್ಟಿಕೊಂಡಿದೆ. ಉದ್ಯಾನ ಇಲಾಖೆ ಇದುವರೆಗೆ ಸಂಗ್ರಹಿಸಿದ ವಸ್ತುಗಳು 4 ಲಕ್ಷವನ್ನು ಮೀರಿವೆ. ಸತ್ತವರಿಗೆ ಎಡೆ ಇಡುವ ರೂಢಿ ಬಹುಮಟ್ಟಿಗೆ ಇಲ್ಲದ ಸಮಾಜವೊಂದು ಅದನ್ನು ಹೀಗೆ ಕಲಿಯಿತು.

ಗೋಡೆಯ ಚಿಹ್ನೆಗಳು ಇನ್ನಷ್ಟು ಹೇಳುತ್ತವೆ. ಸಾವು ಖಚಿತವಾದವರ ಹೆಸರಿನ ಪಕ್ಕ ವಜ್ರಾಕೃತಿ, ಕಾಣೆಯಾದವರ ಪಕ್ಕ ಶಿಲುಬೆ. ಅವಶೇಷ ಸಿಕ್ಕರೆ ಶಿಲುಬೆಯ ಮೇಲೆ ವಜ್ರವನ್ನು ಕೆತ್ತುತ್ತಾರೆ. ಬದುಕಿ ಮರಳಿದರೆ ಶಿಲುಬೆಯ ಸುತ್ತ ವೃತ್ತ ಬರೆಯಬೇಕೆಂಬುದು ನಿಯಮ, ಆ ವೃತ್ತವನ್ನು ಈವರೆಗೆ ಒಮ್ಮೆಯೂ ಬರೆದಿಲ್ಲ. 1973ರಲ್ಲಿ 2,600ಕ್ಕೂ ಹೆಚ್ಚಿದ್ದ ಪತ್ತೆಯಾಗದವರಲ್ಲಿ 1,500ಕ್ಕಿಂತ ಹೆಚ್ಚು ಮಂದಿಯ ಸುಳಿವು ಇನ್ನೂ ಸಿಕ್ಕಿಲ್ಲ. ಅವರಲ್ಲಿ ಕೆಲವರು ಜೀವಂತ ಸೆರೆಯಲ್ಲಿದ್ದಾರೆಂಬ ನಂಬಿಕೆ ಎರಡು ದಶಕಗಳ ಕಾಲ ಬಲವಾಗಿತ್ತು. ಹೆಸರು ಕೆತ್ತಿದ ಲೋಹದ ಕಡಗಗಳನ್ನು ಲಕ್ಷಾಂತರ ಜನ ಧರಿಸಿದರು, ಚಲನಚಿತ್ರಗಳು ಬಂದವು. 1991ರಲ್ಲಿ ರಚಿತವಾದ ಸೆನೆಟ್ ಸಮಿತಿ ಅಂಥ ಯಾವ ಬಲವಾದ ಸಾಕ್ಷ್ಯವೂ ಇಲ್ಲವೆಂದು 1993ರಲ್ಲಿ ವರದಿ ನೀಡಿತು. ಹೆಣ ನೋಡದ ತಾಯಿಗೆ ವರದಿ ಸಮಾಧಾನ ಕೊಡದು. ಈ ವಿಷಯದಲ್ಲಿ ಹನೋಯಿಯ ತಾಯಿಗೂ ಒಹಾಯೋದ ತಾಯಿಗೂ ವ್ಯತ್ಯಾಸವಿಲ್ಲ. ಮರಳಿ ಬಂದು, ಸಸ್ಯನಾಶಕ ರಾಸಾಯನಿಕಗಳ ಕಾರಣದ ಕ್ಯಾನ್ಸರಿನಿಂದಲೋ ಆತ್ಮಹತ್ಯೆಯಿಂದಲೋ ಸತ್ತವರಿಗೆ ಗೋಡೆಯ ಮೇಲೆ ಸ್ಥಾನವಿಲ್ಲ. 2004ರಲ್ಲಿ ಅವರಿಗಾಗಿ ಹತ್ತಿರದಲ್ಲಿ ಒಂದು ಫಲಕವನ್ನು ಇಡಲಾಯಿತು. ಅದರ ಮೇಲೆ ಹೆಸರುಗಳಿಲ್ಲ.

ಮೂಳೆಗಳಿರುವ ಮಣ್ಣಿನಲ್ಲಿಯೇ ಸಿಡಿಯದ ಬಾಂಬುಗಳೂ ಇವೆ. 1975ರ ನಂತರ ವಿಯೆಟ್ನಾಮಿನಲ್ಲಿ ಇವುಗಳಿಂದ ಸತ್ತವರು ಸುಮಾರು 40,000. ನೆರೆಯ ಲಾವೋಸಿನ ಸ್ಥಿತಿ ಇನ್ನೂ ಕಠಿಣ. ಅಮೆರಿಕ ಅಧಿಕೃತವಾಗಿ ಒಪ್ಪಿಕೊಳ್ಳದ ಆ ಯುದ್ಧದಲ್ಲಿ 1964ರಿಂದ 1973ರವರೆಗೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬುಗಳು ಬಿದ್ದವು. ಗೊಂಚಲು ಬಾಂಬುಗಳಿಂದ ಉದುರಿದ 27 ಕೋಟಿ ಸಣ್ಣ ಗುಂಡುಗಳಲ್ಲಿ ಸುಮಾರು 8 ಕೋಟಿ ಸಿಡಿಯದೆ ಉಳಿದವೆಂದು ಅಂದಾಜು. ಯುದ್ಧ ನಿಂತ ಮೇಲೆ ಅವು 20,000ಕ್ಕೂ ಹೆಚ್ಚು ಜನರನ್ನು ಕೊಂದಿವೆ ಇಲ್ಲವೆ ಗಾಯಗೊಳಿಸಿವೆ, ಚೆಂಡೆಂದು ಎತ್ತಿಕೊಂಡ ಮಕ್ಕಳು ಅವರಲ್ಲಿ ಬಹಳ. ಷಿಯೆಂಗ್ ಖ್ವಾಂಗ್ ಪ್ರಾಂತದ ಬಾನ್ ನಾಪಿಯಾ ಹಳ್ಳಿಯವರು ಈ ಲೋಹವನ್ನು ಕರಗಿಸಿ ಎರಕ ಹೊಯ್ದು ಚಮಚಗಳನ್ನು ಮಾಡಿ ಮಾರುತ್ತಾರೆ. ಅಮೆರಿಕದ ಅಧ್ಯಕ್ಷ ಒಬಾಮಾ 2016ರ ಸೆಪ್ಟೆಂಬರಿನಲ್ಲಿ ಲಾವೋಸಿಗೆ ಬಂದು, ಬಾಂಬು ತೆರವಿಗೆ ಮೂರು ವರ್ಷಗಳಲ್ಲಿ 9 ಕೋಟಿ ಡಾಲರ್ ಘೋಷಿಸಿದರು. 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಈ ಕೆಲಸವೂ ಕೆಲಕಾಲ ನಿಂತಿತು.

ಲಾವೋಸಿನ ಬೆಟ್ಟಗಳ ಹ್ಮಾಂಗ್ ಜನರಲ್ಲಿ ಅನೇಕರು ಅಮೆರಿಕದ ಗುಪ್ತಚರ ಸಂಸ್ಥೆ ಕಟ್ಟಿದ ಸೈನ್ಯದಲ್ಲಿ ಹೋರಾಡಿದ್ದರು. 1975ರಲ್ಲಿ ಆ ಪಕ್ಷ ಸೋತಾಗ ಅವರು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಬಾನ್ ವಿನಾಯ್ ಮೊದಲಾದ ಶಿಬಿರಗಳನ್ನು ಸೇರಿದರು. ಅವರ ಹೆಂಗಸರ ಕಸೂತಿ ಪರಂಪರೆಯಲ್ಲಿ ಹಿಂದೆ ಇದ್ದುದು ಸುರುಳಿ, ಚೌಕಗಳ ಅಮೂರ್ತ ವಿನ್ಯಾಸ. ಶಿಬಿರಗಳಲ್ಲಿ ಅದು ಕಥೆ ಹೇಳುವ ಬಟ್ಟೆಯಾಯಿತು. ಬಹಳ ವೇಳೆ ಗಂಡಸರು ಬರೆದ ರೇಖೆಗಳ ಮೇಲೆ ಹೆಂಗಸರು ವಿಮಾನ, ಬಂದೂಕು, ಬಿದಿರಿನ ತೆಪ್ಪ, ನೀರಲ್ಲಿ ತೇಲುವ ದೇಹಗಳನ್ನು ಹೊಲಿದರು. ಮಾರಾಟಕ್ಕೆಂದೇ ಹುಟ್ಟಿದ ಈ ಪ್ರಕಾರವನ್ನು ಜನಪದವಲ್ಲವೆನ್ನುವವರಿದ್ದಾರೆ. ಲಿಪಿಯ ಬಳಕೆ ಆಗತಾನೇ ಹಬ್ಬುತ್ತಿದ್ದ ಸಮುದಾಯವೊಂದರ ಯುದ್ಧದ ದಾಖಲೆ ಇನ್ನೆಲ್ಲಿದೆ ಎಂಬುದನ್ನು ಅವರು ಹೇಳಬೇಕಾಗುತ್ತದೆ.

ಅಮೆರಿಕಕ್ಕೆ ವಲಸೆ ಹೋದ ಹ್ಮಾಂಗರಲ್ಲಿ 1970ರ ದಶಕದ ಕೊನೆಯಿಂದ ಆರೋಗ್ಯವಂತ ಗಂಡಸರು ನಿದ್ರೆಯಲ್ಲಿಯೇ ಸಾಯತೊಡಗಿದರು. 1981ರಲ್ಲಿ ಇಂಥ ಸಾವುಗಳು ಅತಿ ಹೆಚ್ಚಾಗಿದ್ದವು. ವೈದ್ಯರು ಹೃದಯದ ಲಯದೋಷವನ್ನು ಶಂಕಿಸಿದರು. ಸಮುದಾಯದವರು ಹೇಳಿದ್ದು ಎದೆಯ ಮೇಲೆ ಕುಳಿತು ಉಸಿರು ಕಟ್ಟಿಸುವ ದೆವ್ವದ ಮಾತು. ಈ ಬಗ್ಗೆ ದೀರ್ಘ ಅಧ್ಯಯನ ನಡೆಸಿದ ಶೆಲ್ಲಿ ಆಡ್ಲರ್ ಎರಡನ್ನೂ ಕೂಡಿಸಿ ನೋಡಿದರು. ಆ ದೆವ್ವವನ್ನು ತಡೆಯುವುದು ಮನೆಯ ಪಿತೃಗಳ ಕೆಲಸ. ಪಿತೃಗಳಿಗೆ ಸಲ್ಲಬೇಕಾದ ಬಲಿ, ಪೂಜೆಗಳನ್ನು ಹೊಸ ನಾಡಿನ ಬಾಡಿಗೆ ಮನೆಗಳಲ್ಲಿ ಮಾಡಲಾಗದವನು ತಾನು ಕಾವಲಿಲ್ಲದವನಾದೆನೆಂದು ನಂಬುತ್ತಾನೆ, ದೇಹದಲ್ಲಿ ಮೊದಲೇ ಇದ್ದ ದೌರ್ಬಲ್ಯಕ್ಕೆ ಆ ಭಯ ಕೂಡಿಕೊಳ್ಳುತ್ತದೆ ಎಂಬುದು ಅವರ ವಾದ. 2011ರ ಅವರ ಗ್ರಂಥದಲ್ಲಿ ಇದರ ವಿಸ್ತಾರವಾದ ನಿರೂಪಣೆಯಿದೆ.

ಹ್ಮಾಂಗರಲ್ಲಿ ಸತ್ತವರ ಮುಂದೆ ಹಾಡುವ ದೀರ್ಘ ಮೌಖಿಕ ಕಾವ್ಯವೊಂದಿದೆ. ಸತ್ತವನಿಗೆ ದಾರಿ ತೋರಿಸುವುದು ಅದರ ಕೆಲಸ. ಮಗು ಹುಟ್ಟಿದಾಗ ಅದರ ಮಾಸನ್ನು ಮನೆಯೊಳಗೇ ಹೂಳುತ್ತಾರೆ, ಗಂಡಾದರೆ ನಡುಗಂಬದ ಬುಡದಲ್ಲಿ, ಹೆಣ್ಣಾದರೆ ತಂದೆತಾಯಿಯ ಮಂಚದ ಕೆಳಗೆ. ಸತ್ತ ಆತ್ಮ ಅಲ್ಲಿಗೆ ಮರಳಿ, ತನ್ನ ಮೊದಲ ಅಂಗಿಯಾದ ಆ ಮಾಸನ್ನು ಧರಿಸಿ, ಅನಂತರವೇ ಹಿರಿಯರನ್ನು ಸೇರಬೇಕು. ಆದುದರಿಂದ ಹಾಡುವವನು ಸತ್ತವನು ಬಾಳಿದ ಊರುಗಳನ್ನೆಲ್ಲ ಕೊನೆಯಿಂದ ಮೊದಲಿಗೆ ಒಂದೊಂದಾಗಿ ಹೆಸರಿಸಿ, ಪ್ರತಿಯೊಂದರ ಮಣ್ಣಿಗೂ ನೀರಿಗೂ ಋಣ ತೀರಿಸುತ್ತಾ ಹಿಂದಕ್ಕೆ ಕರೆದೊಯ್ಯುತ್ತಾನೆ. ಹಿಂದೆ ಆ ಪಟ್ಟಿಯಲ್ಲಿ ಬೆಟ್ಟದ ಎರಡು ಮೂರು ಹಳ್ಳಿಗಳಿರುತ್ತಿದ್ದವು. ಮಿನ್ನೆಸೋಟದಲ್ಲೋ ಕ್ಯಾಲಿಫೋರ್ನಿಯದಲ್ಲೋ ಸತ್ತ ಮುದುಕನ ಹಾಡು ಅಲ್ಲಿಯ ನಗರದಿಂದ ಹೊರಟು, ಸಮುದ್ರ ದಾಟಿ, ಥಾಯ್ಲೆಂಡಿನ ಶಿಬಿರಕ್ಕೆ ಬಂದು, ಮೆಕಾಂಗನ್ನು ಎದುರು ದಿಕ್ಕಿನಲ್ಲಿ ಹಾದು, ಯುದ್ಧದಲ್ಲಿ ತಂಗಿದ್ದ ಒಂದೊಂದು ಬೀಡನ್ನೂ ಮುಟ್ಟಿ, ಕಂಬವೂ ಉಳಿದಿರದ ಮನೆಯೊಂದರ ನೆಲಕ್ಕೆ ತಲುಪುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಹುಟ್ಟಿದ ಮೊಮ್ಮಕ್ಕಳ ಮಾಸನ್ನು ಬಹುಮಟ್ಟಿಗೆ ಆಸ್ಪತ್ರೆಯವರೇ ಸುಟ್ಟಿದ್ದಾರೆ. ಅವರಿಗೆ ಹಾಡು ಎಲ್ಲಿಗೆ ದಾರಿ ತೋರಿಸಬೇಕೆಂಬುದು ಈ ಹಾಡುಗಾರರ ಮುಂದಿರುವ ಪ್ರಶ್ನೆ.